ಬಂಗಡೆಯ ಐಸು, ಎಡಮುರಿ ಚಿನ್ನ

“ಶಿರಸಿಗೆ ಎಡಕ್ಕೋ ಬಲಕ್ಕೋ?”

ಯಲ್ಲಾಪುರದಾಚೆಯ ಕವಲಿನಲ್ಲಿ ನಾನು ಕೇಳಿದ್ದು, ಅಂಕೋಲೆಯಿಂದ ಬೈಕಿನಲ್ಲಿ ಘಟ್ಟ ಹತ್ತಿ ಬಂದ ಮೀನಿನವನನ್ನು. ದಾರಿ ತಪ್ಪಿ ಸುತ್ತುವಷ್ಟರಲ್ಲಿ ಪ್ರಯೋಗಾಲಯದ ಶೀಶೆಯೊಂದನ್ನು ತಂಪಾಗಿಟ್ಟು ಅಳತೆಗೆಂದು ಒಯ್ಯುತ್ತಿದ್ದ ನನ್ನ ಡಬ್ಬಿಯ ಐಸು ನೀರಾಗಿತ್ತು.

“ಬಲಕ್ಕೆ. ಮುಖ ಎಂತಕ್ಕೆ ಹಾಂಗೆ ಮಾಡ್ಕಂಡೀರಿ ಅಕ್ಕಾ?”

“ಈ ಶೀಶೆಯಲ್ಲಿ ಚಿನ್ನ ಇದೆ. ಬಿಸಿಯಾದ್ರೆ ಹಾಳಾಗ್ತದೆ.”

“ಹಾಳಾಗೂದು ಬಂಗಡೆ. ಚಿನ್ನ ಹಾಳಾಗೂದುಂಟಾ?”

ಕೆಲವೇ ಪರಮಾಣುಗಳ ಪುಟ್ಟ ಗೊಂಚಲುಗಳು, ಎಡಗಾಲಿನ ಚಪ್ಪಲಿಗಳಂತೆ ಎಲ್ಲವೂ ಒಂದೇ ಕಡೆ ತಿರುಚಿಕೊಂಡಿವೆ, ಕಾವು ತಗುಲಿದರೆ ಒಳಜೋಡಣೆ ಬದಲಾಗಿ ಅರ್ಧದಷ್ಟು ಬಲಗಾಲಿನವಾಗುತ್ತವೆ, ನನ್ನ ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು ಎಂದೆ.

ಅವನು ಬಿಸಿಲು ನೋಡಿದ, ತನ್ನ ಮೀನು ನೋಡಿದ. ಕೊನೆಗೆ ಅರ್ಧ ಐಸನ್ನು ನನ್ನ ಡಬ್ಬಿಗೆ ಸುರಿದ. ನಾನು ಪರ್ಸು ತೆಗೆದೆ.

“ದುಡ್ಡು ಬ್ಯಾಡ, ಅದು ಮೀನನ್ನ ತಂಪಿಡೂದಿಲ್ಲ. ನಾಳೆ ಐಸೇ ತನ್ನಿ.”

ಶಿರಸಿಯ ಕಾಲೇಜಿನ ಯಂತ್ರದಲ್ಲಿ ಶೀಶೆ ಇಟ್ಟಾಗ, ಅದರೊಳಗೆ ಹಾಯ್ದ ಬೆಳಕು ಮೊದಲಿನಷ್ಟೇ ತಿರುಗಿತು. ಎಲ್ಲವೂ ಇನ್ನೂ ಎಡಗಾಲಿನವೇ, ಚಿನ್ನ ಕೆಟ್ಟಿರಲಿಲ್ಲ. ಅಲ್ಲಿನ ಮೇಷ್ಟ್ರು ಮಾತ್ರ ಮೂಗು ಮುಚ್ಚಿಕೊಂಡೇ ಅಳತೆ ಬರೆದುಕೊಂಡರು.

ಮರುದಿನ ಅದೇ ಕವಲಿನಲ್ಲಿ ಅವನ ಪೆಟ್ಟಿಗೆಗೆ ಐಸು ತುಂಬಿದೆ. ಅವನು ಬಗ್ಗಿ ನೋಡಿದ.

“ಇದ್ರಲ್ಲಿ ಚಿನ್ನ ಉಳ್ದಿಲ್ಲ ಅಲ್ದಾ?”

“ಉಳಿದಿದ್ರೆ ಬಡ್ಡಿ ಅಂತ ಇಟ್ಕೋ ಮಾರಾಯಾ.”