ಉದ್ದ ಬೆನ್ನಿನ ಕಾರು

ಮಡಂತ್ಯಾರಿನಿಂದ ಗುರುವಾಯನಕೆರೆ, ವೇಣೂರು ಹಾದು ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ನಲವತ್ತಮೂರು ಹಂಪುಗಳಿವೆ, ವೇಗ ತಗ್ಗಿಸಲು ಹಾಕಿದ ಉಬ್ಬುಗಳು. ಎಣಿಸಿದವನು ಹುಕ್ರಪ್ಪ. ಶಾಲೆಗಳ ಎದುರಿನವು, ಚರ್ಚಿನ ತಿರುವಿನವು, ಯಾವುದೋ ಅಪಘಾತದ ಸಿಟ್ಟಿಗೆ ಊರವರೇ ಎಬ್ಬಿಸಿ ಬಣ್ಣ ಬಳಿಯದೆ ಬಿಟ್ಟವು, ಎಲ್ಲವೂ ಅವನಿಗೆ ಬಾಯಿಪಾಠ. ಒಂದೊಂದರ ಹತ್ತಿರ ಬರುವಾಗಲೂ ಅವನು ತಲೆ ತಿರುಗಿಸದೆ ಮೆಲ್ಲಗೆ "ಬಂತು" ಎನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ಸರಸಕ್ಕ ಎರಡೂ ಕೈಗಳಿಂದ ಸೀಟನ್ನು ಹಿಡಿದು ಬೆನ್ನನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಗಾಡಿ ಏರಿ ಇಳಿದ ಮೇಲೆ ಅವರ ಉಸಿರು ಬಿಡುವ ಸದ್ದು ಕೇಳಿದರೆ ಮಾತ್ರ ಹುಕ್ರಪ್ಪ ಗೇರು ಬದಲಿಸುತ್ತಿದ್ದ.

ಮೊದಲು ಹೀಗಿರಲಿಲ್ಲ. ಹರೆಯದಲ್ಲಿ ಅವನು ಬಂಟ್ವಾಳ ಬೆಳ್ತಂಗಡಿ ನಡುವೆ ಓಡುವ ಸರ್ವಿಸ್ ಬಸ್ಸಿನ ಡ್ರೈವರ್. ಹಿಂದಿನ ಬಸ್ಸಿಗೆ ಒಬ್ಬನೇ ಒಬ್ಬ ಪ್ರಯಾಣಿಕ ಸಿಗಬಾರದು ಎನ್ನುವ ಹಟದಲ್ಲಿ ಓಡಿಸುತ್ತಿದ್ದವನಿಗೆ ಹೊಂಡವೂ ಒಂದೇ, ರಸ್ತೆಯೂ ಒಂದೇ. ಶಾರ್ಜಾದಲ್ಲಿ ಹೋಟೆಲು ನಡೆಸುತ್ತಿದ್ದ ರಮಾನಾಥ ಶೆಟ್ಟರು ಹೆಂಡತಿ ಸರಸಕ್ಕನನ್ನೂ ಮಗಳನ್ನೂ ಮಡಂತ್ಯಾರಿನ ಹೊಸ ಮನೆಯಲ್ಲಿ ಬಿಟ್ಟಾಗ, ಮಗಳು ಅಕ್ಷಿತಾಳನ್ನು ಉಜಿರೆಯ ಶಾಲೆಗೆ ಕರೆದುಕೊಂಡು ಹೋಗಲು ಅವನನ್ನು ಕರೆಸಿಕೊಂಡರು. ಮೊದಲ ದಿನವೇ ಸರಸಕ್ಕ ಹೇಳಿದ್ದರು, "ಹುಕ್ರಪ್ಪ, ಇದು ಬಸ್ಸಲ್ಲ ಮಾರಾಯ. ಇದರಲ್ಲಿ ಇರುವವರೆಲ್ಲ ಮನೆಯವರು." ಆ ಮಾತಿಗೆ ಇಪ್ಪತ್ತಾರು ವರ್ಷವಾಯಿತು. ಅಕ್ಷಿತಾ ಈಗ ಮಿಜಾರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

ಎರಡು ವರ್ಷದ ಹಿಂದೆ ಸರಸಕ್ಕನ ಬೆನ್ನಿನ ಮೂಳೆಯಲ್ಲಿ ಕಾಯಿಲೆ ಕಾಣಿಸಿತು. ಶೆಟ್ಟರು ಹೋಟೆಲನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದರು. ಮೂಡುಬಿದಿರೆಯ ಆಸ್ಪತ್ರೆಗೆ ಮೊದಲು ಸರಸಕ್ಕ ಕೂತು ಹೋಗುತ್ತಿದ್ದರು, ಆಮೇಲೆ ಒರಗಿಕೊಂಡು, ಆಮೇಲೆ ದಿಂಬುಗಳ ನಡುವೆ. ಸೊಂಟ ಬಾಗುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಮನೆಯ ಏಳು ಸೀಟಿನ ಗಾಡಿ ಎತ್ತರದ್ದು, ಅದಕ್ಕೆ ಅವರನ್ನು ಹತ್ತಿಸುವಾಗ ಬಾಯಿಗೆ ಸೆರಗು ಕಚ್ಚಿಕೊಳ್ಳುತ್ತಿದ್ದರು. ಆಂಬುಲೆನ್ಸನ್ನು ಒಮ್ಮೆ ಕರೆಸಿದಾಗ ಗೇಟಿನ ಹತ್ತಿರ ಅರ್ಧ ಊರು ಸೇರಿತ್ತು. ಅಂದು ಮನೆಗೆ ಮರಳಿದವರು, "ಇನ್ನು ಅದು ನಮ್ಮ ಗೇಟಿಗೆ ಬರಬಾರದು. ನಾನು ಸತ್ತ ಮೇಲೆ ಬರಲಿ, ಆಗ ನನಗೆ ಕಾಣುವುದಿಲ್ಲ" ಎಂದಿದ್ದರು.

ಇಷ್ಟರ ನಡುವೆ ಅವರಿಗೆ ಒಂದೇ ಒಂದು ಆಸೆ ಇತ್ತು. ತವರಿನ ತಮ್ಮನ ಮಗಳು ಪ್ರಾಪ್ತಿಯ ಮದುವೆ ಫೆಬ್ರವರಿಯಲ್ಲಿ, ಮೂಡುಬಿದಿರೆಯ ಸಭಾಭವನದಲ್ಲಿ. ಅವರ ತವರಿನಲ್ಲಿ ಧಾರೆಗೆ ಹೊರಡುವ ಮೊದಲು ಹುಡುಗಿಯ ಮುಡಿಗೆ ಮಲ್ಲಿಗೆ ಇಡುವವಳು ಸೋದರತ್ತೆ. ಸರಸಕ್ಕನ ಮುಡಿಗೂ ಅವರ ಸೋದರತ್ತೆಯೇ ಇಟ್ಟದ್ದು. ಪ್ರಾಪ್ತಿಗೆ ಇರುವುದು ಇವರೊಬ್ಬರೇ.

"ಹೋಗುವ," ಎಂದರು ಶೆಟ್ಟರು. "ನಿನಗೆ ಅಲುಗದ ಹಾಗೆ ಹೋಗುವ ಕಾರು ತರ್ತೇನೆ."

ಅವರ ಮನಸ್ಸಿನಲ್ಲಿ ಇದ್ದದ್ದು ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು. ಶಾರ್ಜಾದ ಹೋಟೆಲಿನ ಎದುರು ಅಂಥದ್ದೊಂದು ನಿಲ್ಲುತ್ತಿತ್ತಂತೆ. ಅದನ್ನು ನೋಡಲಿಕ್ಕೆಂದೇ ಗಲ್ಲಾ ಬಿಟ್ಟು ಹೊರಗೆ ಬರುತ್ತಿದ್ದರಂತೆ. ಇಂಜಿನಿನ ನಡುಕ ಇಲ್ಲ, ಸದ್ದಿಲ್ಲ, ಚಕ್ರದ ಮೇಲೆ ಗಾಳಿಯೇ ಗಾಡಿಯನ್ನು ಹೊತ್ತುಕೊಂಡಿರುತ್ತದೆ. ತಮ್ಮ ಆಸೆ ಯಾವುದು, ಹೆಂಡತಿಯ ಆಸೆ ಯಾವುದು ಎಂದು ಬೇರೆ ಮಾಡಿ ನೋಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಒಂದೇ ಕಾರು, ಎರಡು ಆಕಾರ. ಒಂದು ಸೆಡಾನ್, ಹಿಂದೆ ಇಳಿಜಾರಾಗಿ ಮುಗಿಯುವಂಥದ್ದು. ಇನ್ನೊಂದು ವ್ಯಾಗನ್, ತಲೆಯ ಮೇಲಿನ ಮಾಡು ಹಿಂದಿನ ತನಕ ನೇರ ಹೋಗಿ, ಹಿಂಬಾಗಿಲು ಇಡಿಯಾಗಿ ಮೇಲಕ್ಕೆ ಏಳುವಂಥದ್ದು. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಓಟದಲ್ಲಿಯೂ ಇಲ್ಲ. ಯಾವುದೆಂದು ಹೇಳಿದರೆ ಸಾಕು.

ಆ ವಾರ ಸರಸಕ್ಕ ಹುಕ್ರಪ್ಪನನ್ನು ಕೋಣೆಗೆ ಕರೆಸಿದರು. ಮೊಬೈಲನ್ನು ಎದೆಯ ಮೇಲೆ ಇಟ್ಟುಕೊಂಡು ಎರಡೂ ಚಿತ್ರ ತೋರಿಸಿದರು.

"ಉದ್ದದ್ದು ನೋಡಿದಿಯಾ? ಹಿಂದಿನ ಸೀಟು ಮಡಚಿದರೆ ಹಾಸಿಗೆ ಹಾಕಬಹುದು. ನಾನು ಗಿಡ್ಡ, ನನಗೆ ಧಾರಾಳ."

"ಹೌದು ಅಕ್ಕ."

"ಕಾರು ನೋಡ್ಲಿಕ್ಕೆ ಹೋಗುವಾಗ ನೀನೇ ಅವರಿಗೆ ಹೇಳಬೇಕು, ಉದ್ದದ್ದು ಒಳ್ಳೆದು ಅಂತ. ನಾನು ಹೇಳಿದರೆ ಅಳ್ತಾರೆ. ನಾನು ಮಲಗಿಯೇ ಹೋಗುವವಳು ಅಂತ ನನ್ನ ಬಾಯಲ್ಲಿ ಕೇಳ್ಲಿಕ್ಕೆ ಅವರಿಗೆ ಆಗುವುದಿಲ್ಲ. ನೀನಾದರೆ ಡ್ರೈವರು, ಗಾಡಿಯ ಮಾತಾಡಿದ ಹಾಗೆ ಹೇಳಬಹುದು."

"ಹೇಳ್ತೇನೆ ಅಕ್ಕ."

ಹೇಳಲು ಅವನಿಗೆ ಮನಸ್ಸೂ ಇತ್ತು. ಆದರೆ ಆ ಮನೆಯಲ್ಲಿ ಒಂದು ಕ್ರಮ ಇತ್ತು. ದಾರಿಯ ವಿಷಯ ಹುಕ್ರಪ್ಪನದ್ದು, ಗಾಡಿಯ ವಿಷಯ ಧಣಿಯದ್ದು. ಯಾವ ಕಡೆಯಿಂದ ಹೋಗುವುದು, ಎಲ್ಲಿ ಚಹಾಕ್ಕೆ ನಿಲ್ಲಿಸುವುದು ಎಂದು ಅವನು ಹೇಳಿದರೆ ಶೆಟ್ಟರು ತುಟಿ ಪಿಟಕ್ಕೆನ್ನದೆ ಕೇಳುತ್ತಿದ್ದರು. ಯಾವ ಗಾಡಿ, ಯಾವ ಬಣ್ಣ ಎಂದು ಕೇಳಿದರೆ ಮಾತ್ರ ಅವನ ಉತ್ತರ "ಧಣಿಗಳಿಗೆ ಕಂಡ ಹಾಗೆ". ಶೆಟ್ಟರು ಕೇಳುವುದೂ ಆ ಉತ್ತರಕ್ಕಾಗಿಯೇ. ಇಪ್ಪತ್ತಾರು ವರ್ಷದಲ್ಲಿ ನಾಲ್ಕು ಗಾಡಿಗಳು ಹೀಗೆಯೇ ಬಂದಿದ್ದವು.

ಅಕ್ಟೋಬರಿನ ಒಂದು ಬೆಳಿಗ್ಗೆ ಕಂಪೆನಿಯವರು ಎರಡೂ ಕಾರುಗಳನ್ನು ಲಾರಿಯಲ್ಲಿ ತಂದು ಮಡಂತ್ಯಾರಿನ ಪೇಟೆಯ ಹೊರಗೆ ಇಳಿಸಿದರು. ಟಯರಿನ ಅಂಗಡಿಯ ನಿಝಾರ್ ಕೈ ಒರೆಸಿಕೊಳ್ಳುತ್ತ ಬಂದ. ಅವನೂ ಹುಕ್ರಪ್ಪನೂ ಬಸ್ಸಿನ ಕಾಲದಿಂದ ಗೆಳೆಯರು. ಶೆಟ್ಟರು ಸೆಡಾನಿನಲ್ಲಿ ಕೂತು, ಕಂಪೆನಿಯ ಟೈ ಕಟ್ಟಿದವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗುರುವಾಯನಕೆರೆಯ ಕಡೆ ಹೋದರು. ಆ ಹೊತ್ತಿಗೆ ಹುಕ್ರಪ್ಪ ವ್ಯಾಗನ್ನಿನ ಹಿಂಬಾಗಿಲು ತೆರೆಸಿದ. ಸೀಟು ಮಡಚಿಸಿದ. ಹೆಗಲ ಬೈರಾಸನ್ನು ಹಾಸಿ, ಚಪ್ಪಲಿ ಕಳಚಿಟ್ಟು, ಮಲಗಿದ.

"ಎಂತ ಮಾರಾಯ, ನಿದ್ದೆ ಬಂತಾ?"

"ನೀನು ಸುಮ್ಮನಿರು. ಸ್ವಲ್ಪ ಓಡಿಸ್ಲಿಕ್ಕೆ ಹೇಳು ಅವನಿಗೆ."

ಕಂಪೆನಿಯ ಇನ್ನೊಬ್ಬ ಕಾರನ್ನು ಪೆಟ್ರೋಲ್ ಪಂಪಿನ ತನಕ ಓಡಿಸಿ ತಂದ. ಆ ದಾರಿಯಲ್ಲಿ ಎರಡು ಹಂಪು. ಹುಕ್ರಪ್ಪ ಕಣ್ಣು ಮುಚ್ಚಿ ಕಾಯುತ್ತಿದ್ದ. ಮೊದಲನೆಯದು ಯಾವಾಗ ದಾಟಿತೋ ಗೊತ್ತಾಗಲಿಲ್ಲ. ದೋಣಿ ಸ್ವಲ್ಪ ಎದ್ದು ಕೂತ ಹಾಗೆ, ಅಷ್ಟೇ. ಕಾಲು ಚಾಚಿದರೂ ಜಾಗ ಉಳಿದಿತ್ತು. ಪಕ್ಕದಲ್ಲಿ ಒಬ್ಬರು ಕೂತುಕೊಳ್ಳಬಹುದು, ಕೈ ಹಿಡಿದುಕೊಳ್ಳಬಹುದು. ಹಿಂದಿನ ಗಾಜಿನಲ್ಲಿ ಆಕಾಶ ಕಾಣುತ್ತಿತ್ತು, ವಿದ್ಯುತ್ ತಂತಿಯ ಮೇಲೆ ಕೂತ ಎರಡು ಹಕ್ಕಿಗಳು ಕಾಣುತ್ತಿದ್ದವು. ಹಾಸಿಗೆ ಹಿಡಿದಂದಿನಿಂದ ಸರಸಕ್ಕ ನೋಡುತ್ತಿದ್ದದ್ದು ಕೋಣೆಯ ಫ್ಯಾನನ್ನು.

ಅವನು ಇಳಿಯುವುದಕ್ಕೂ ಶೆಟ್ಟರು ತಿರುಗಿ ಬರುವುದಕ್ಕೂ ಸರಿಹೋಯಿತು. ಅವನು ಕಾಲನ್ನು ಮುಂದೆ ಮಾಡಿ ಹಿಂಬಾಗಿಲಿನಿಂದ ಜಾರುತ್ತ ಹೊರಬರುವುದನ್ನು ನೋಡಿ ನಿಝಾರ್ ಜೋರಾಗಿ ನಕ್ಕ.

"ಹುಕ್ರಪ್ಪ, ನಿನ್ನ ಕಡೇ ಪ್ರಯಾಣಕ್ಕೆ ಇದೇ ಸರಿ. ಹೆಣ ಆರಾಮ ಮಲಗ್ತದೆ, ಅಲುಗುವುದೂ ಇಲ್ಲ."

ಹುಕ್ರಪ್ಪನೂ ನಕ್ಕ. ಗೆಳೆಯನ ಮಾತಿಗೆ ನಗುವುದು ಅಭ್ಯಾಸ. ಆಮೇಲೆ ಶೆಟ್ಟರ ಮುಖ ನೋಡಿದ. ಅವರು ಸೆಡಾನಿನ ಬಾಗಿಲು ಹಿಡಿದು ನಿಂತಿದ್ದರು. ನಿಝಾರನಿಗೆ ಅವರು ಬಂದದ್ದು ಆಗ ಕಂಡಿತು. ಅವನು ಮತ್ತೆ ಕೈ ಒರೆಸಿಕೊಳ್ಳತೊಡಗಿದ.

"ಇದರ ಮುಂದಿನ ಸೀಟು ಒಳ್ಳೆದುಂಟು," ಎಂದರು ಶೆಟ್ಟರು ಸೆಡಾನನ್ನು ಮುಟ್ಟಿ. "ಬೆನ್ನಿಗೆ ಬಿಸಿ ಕೊಡ್ತದೆ. ಫಿಸಿಯೋಥೆರಪಿಯವನು ಹೇಳಿದ್ದಾನೆ, ಮೂರು ತಿಂಗಳಲ್ಲಿ ಕೂರ್ತಾಳೆ ಅಂತ. ಫೆಬ್ರವರಿಗೆ ಇನ್ನೂ ನಾಲ್ಕು ತಿಂಗಳುಂಟು. ಮುಂದೆ ಕೂತು ಹೋಗ್ತಾಳೆ." ತಡೆದು ಕೇಳಿದರು, "ನಿನಗೆ ಎಂತ ಕಾಣ್ತದೆ ಹುಕ್ರಪ್ಪ?"

ಈಗ ಹೇಳಬೇಕಿತ್ತು. ಮಾತು ಬಾಯಿಯ ತನಕ ಬಂದಿತ್ತು. ಆದರೆ 'ಉದ್ದದ್ದು' ಎಂದು ಹೇಳಿದರೆ, ಅಕ್ಕ ಇನ್ನು ಕೂರುವುದಿಲ್ಲ ಧಣಿ ಎಂದು ಹೇಳಿದ ಹಾಗೆಯೇ. ನಿಝಾರ್ ಹೇಳಿದ ಮಾತು ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಇದನ್ನೂ ಇಡುವುದು ಹೇಗೆ? ಶೆಟ್ಟರ ಹೆಬ್ಬೆರಳು ಬಾಗಿಲಿನ ಅಂಚನ್ನು ಉಜ್ಜುತ್ತಲೇ ಇತ್ತು.

"ಧಣಿಗಳಿಗೆ ಕಂಡ ಹಾಗೆ," ಎಂದ ಹುಕ್ರಪ್ಪ.

ಮನೆಗೆ ಬಂದಾಗ ಸರಸಕ್ಕ ಕೇಳಿದರು, "ಹೇಳಿದಿಯಾ?"

"ಧಣಿಗಳಿಗೆ ಇನ್ನೊಂದು ಇಷ್ಟ ಆಯಿತು ಅಕ್ಕ."

ಅದು ಸುಳ್ಳಲ್ಲ, ಹೇಳಿದೆ ಎಂದೂ ಅಲ್ಲ. ಸರಸಕ್ಕ ಅವನನ್ನು ನೋಡಿದರು. "ಆಗಲಿ ಬಿಡು" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಏಳು ಸೀಟಿನದ್ದನ್ನು ಕೊಟ್ಟು ಹೊಸ ಕಾರು ಬಂದದ್ದು ಜನವರಿಯ ಕೊನೆಗೆ. ಬೂದು ಬಣ್ಣ, ಮಳೆ ಬರುವ ಮೊದಲಿನ ಆಕಾಶದಂಥದ್ದು. ಚಕ್ರಗಳ ಕೆಳಗೆ ಲಿಂಬೆಹುಳಿ ಇಟ್ಟು ಹತ್ತಿಸಿದಾಗ ಸದ್ದಿಲ್ಲದೆ ಅಪ್ಪಚ್ಚಿಯಾದವು. ನೋಡಲು ಬಂದವರೆಲ್ಲ ಸರಸಕ್ಕನ ಕಿಟಕಿಯ ಹೊರಗೇ ನಿಂತು ಹೊಗಳಿದರು. ಶೆಟ್ಟರು ದಿನವೂ ಅದನ್ನು ಚಾರ್ಜಿಗೆ ಹಾಕುತ್ತಿದ್ದರು, ಎಲ್ಲಿಗೂ ಹೋಗದಿದ್ದರೂ. ಫಿಸಿಯೋಥೆರಪಿಯವನು ಬರುವುದನ್ನು ನಿಲ್ಲಿಸಿ ಆಗ ಮೂರು ವಾರವಾಗಿತ್ತು. ಒಮ್ಮೆ ಕೂರಿಸಿ ನೋಡುವ ಎಂದು ಯಾರೂ ಹೇಳಲಿಲ್ಲ. ಮದುವೆಯ ದಿನದ ತನಕ ಅವರಿಗೆ ಕೂರಲಾಗದ್ದನ್ನು ನೋಡದೆ ಇರಬಹುದಲ್ಲ ಎಂದೇ ಎಲ್ಲರೂ ಇದ್ದರು.

ಮದುವೆಯ ದಿನ ಬೆಳಿಗ್ಗೆ ಅಕ್ಷಿತಾ ಮಿಜಾರಿನಿಂದ ಬಂದು, ಮಲಗಿದ್ದ ಅಮ್ಮನಿಗೆ ಹಸಿರು ಅಂಚಿನ ರೇಷ್ಮೆ ಸೀರೆ ಉಡಿಸಿದಳು. ಅರ್ಧ ಸೀರೆ ಸುತ್ತಿ, ಇನ್ನರ್ಧವನ್ನು ಹೊದಿಸಿದಂತೆ. ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ ಮಾಲೆಗಳ ಅಟ್ಟೆ ಪಕ್ಕದಲ್ಲಿತ್ತು. ನಿಝಾರ್ ಕರೆಯದೆಯೇ ಬಂದಿದ್ದ, ಎತ್ತಲು ಒಬ್ಬ ಬೇಕಾಗಬಹುದೆಂದು.

ನಾಲ್ವರು ಸೇರಿ ಬೆಡ್‌ಶೀಟಿನಲ್ಲಿ ಎತ್ತಿ ಮೆಟ್ಟಿಲು ಇಳಿಸಿದರು. ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಇಟ್ಟಿತ್ತು. ಆದರೆ ಅಲ್ಲಿಗೆ ತಲುಪಲು ಬಾಗಿಲಿನ ಒಳಗೆ ಹೋಗಬೇಕಲ್ಲ. ಕಾರಿನ ಮಾಡು ತಗ್ಗು. ತಲೆ ತಗ್ಗಿಸಬೇಕು, ಸೊಂಟ ಬಾಗಿಸಬೇಕು. ಒಮ್ಮೆ ಕಾಲಿನ ಕಡೆಯಿಂದ ನೋಡಿದರು, ಒಮ್ಮೆ ತಲೆಯ ಕಡೆಯಿಂದ. ಮೂರನೆಯ ಸಲಕ್ಕೆ ಸರಸಕ್ಕನ ಬಾಯಿಂದ ಒಂದು ಸದ್ದು ಬಂತು. ಹುಕ್ರಪ್ಪ ಎರಡು ವರ್ಷದಲ್ಲಿ ಆ ಸದ್ದನ್ನು ಕೇಳಿರಲಿಲ್ಲ.

"ಸಾಕು," ಎಂದರು ಅವರು.

"ಆಂಬುಲೆನ್ಸಿಗೆ ಫೋನ್ ಮಾಡ್ತೇನೆ," ಎಂದಳು ಅಕ್ಷಿತಾ. "ಅರ್ಧ ಗಂಟೆಯಲ್ಲಿ ಬರ್ತದೆ."

"ಬೇಡ ಮಗಾ. ಮದುವೆಯ ಚಪ್ಪರಕ್ಕೆ ಅದರಲ್ಲಿ ಹೋಗಿ ಇಳಿಯುವುದಾ? ಪ್ರಾಪ್ತಿ ಜೀವಮಾನ ಅದನ್ನೇ ನೆನಪಿಟ್ಟುಕೊಳ್ತಾಳೆ."

ಅಕ್ಷಿತಾ ಕಾರನ್ನು ನೋಡಿದಳು. "ಅಪ್ಪ, ಇದರಲ್ಲೇ ಉದ್ದದ್ದು ಒಂದಿತ್ತಲ್ಲ? ಅದನ್ನು ಯಾಕೆ ತಗೊಳ್ಳಲಿಲ್ಲ?"

ನಿಝಾರ್ ಗೇಟಿನ ಕಡೆ ನೋಡಿದ. ಹುಕ್ರಪ್ಪ ಬೆಡ್‌ಶೀಟಿನ ಮೂಲೆಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಭಾರಕ್ಕೆ ಎಂದುಕೊಂಡಿರಬೇಕು ಎಲ್ಲರೂ. ಭಾರವೇ ಇರಲಿಲ್ಲ.

ಮತ್ತೆ ಹಾಸಿಗೆಗೆ ತಲುಪಿಸಿದ ಮೇಲೆ ಸರಸಕ್ಕ ಗಂಡನಿಗೆ ಹೇಳಿದರು, "ನೀವು ಹೋಗಿ. ಇಬ್ಬರೂ ಇಲ್ಲದಿದ್ದರೆ ಆಗುವುದಿಲ್ಲ. ಮಲ್ಲಿಗೆಯನ್ನು ತಮ್ಮನ ಹೆಂಡತಿ ಇಡಲಿ, ನಾನು ಹೇಳಿದ್ದೇನೆ ಅಂತ ಹೇಳಿ." ಅಕ್ಷಿತಾ ಅಮ್ಮನ ಹತ್ತಿರ ಉಳಿದಳು.

ಶೆಟ್ಟರು ಹಿಂದೆ ಕೂತರು. ಮಲ್ಲಿಗೆಯ ಅಟ್ಟೆಯನ್ನು ಮುಂದಿನ ಸೀಟಿನ ಮೇಲೆ ಇಟ್ಟಿತ್ತು. ಗುರುವಾಯನಕೆರೆಯ ತನಕ ಮಾತಿಲ್ಲ. ಕಾರಿಗೂ ಸದ್ದಿಲ್ಲ. ಹಳೆಯ ಗಾಡಿಯಾದರೆ ಇಂಜಿನಾದರೂ ಏನಾದರೂ ಹೇಳುತ್ತಿತ್ತು.

ಕೆರೆಯ ತಿರುವು ದಾಟಿದ ಮೇಲೆ ಹುಕ್ರಪ್ಪ ಹೇಳಿದ, "ಧಣಿ, ಅಕ್ಕ ಉದ್ದದ್ದನ್ನೇ ಹೇಳಿದ್ದರು. ನಿಮಗೆ ಹೇಳು ಅಂದಿದ್ದರು. ನಾನು ಹೇಳಲಿಲ್ಲ."

ಒಂದು ಬಸ್ಸು ಎದುರಾಗಿ ಹೋಯಿತು.

"ನೀನು ಹೇಳಿದ್ದರೂ ನಾನು ತಗೊಳ್ತಿರಲಿಲ್ಲ," ಎಂದರು ಶೆಟ್ಟರು.

ಅದು ನಿಜವೋ, ಅವನಿಗಾಗಿ ಹೇಳಿದ್ದೋ. ಹುಕ್ರಪ್ಪ ಕನ್ನಡಿಯಲ್ಲಿ ನೋಡಲಿಲ್ಲ. ನಿಜವೇ ಆಗಿದ್ದರೂ ಅವನ ಮಾತು ಹೇಳದ ಮಾತಾಗಿಯೇ ಉಳಿಯಿತಲ್ಲ. ಮುಂದೆ ಶಾಲೆಯೊಂದರ ಬೋರ್ಡು ಕಂಡಿತು.

"ಬಂತು," ಎಂದ ಅವನ ನಾಲಿಗೆ, ತಾನಾಗಿಯೇ.

ಹಿಂದೆ ಶೆಟ್ಟರು ಸೀಟಿನ ಅಂಚನ್ನು ಹಿಡಿದುಕೊಂಡ ಸದ್ದು ಕೇಳಿತು. ಕಾರು ಎತ್ತದೆ ಇಳಿಸದೆ ದಾಟಿತು. ಮುಂದಿನದಕ್ಕೆ ಅವನು ಬಾಯಿ ಮುಚ್ಚಿಕೊಂಡ. "ಹೇಳು," ಎಂದರು ಶೆಟ್ಟರು. ಮೂಡುಬಿದಿರೆಯ ತನಕ ಹುಕ್ರಪ್ಪ ಹೇಳುತ್ತಲೇ ಹೋದ.

ಮಧ್ಯಾಹ್ನ ಮರಳಿದಾಗ ಸರಸಕ್ಕ ಇನ್ನೂ ಆ ಸೀರೆಯಲ್ಲೇ ಇದ್ದರು. ಪ್ರಾಪ್ತಿ ಹೇಗೆ ಕಂಡಳು, ಊಟಕ್ಕೆ ಎಂತ ಇತ್ತು, ಯಾರು ಯಾರು ಕೇಳಿದರು ಎಂದು ಎಲ್ಲವನ್ನೂ ಗಂಡನಿಂದ ಕೇಳಿಸಿಕೊಂಡರು. ಶೆಟ್ಟರು ಅಂಗಿ ಬದಲಿಸಲು ಹೋದ ಮೇಲೆ ಬಾಗಿಲಲ್ಲಿ ನಿಂತಿದ್ದ ಹುಕ್ರಪ್ಪನನ್ನು ಕರೆದರು.

"ಎಷ್ಟಿತ್ತು?"

ಅವನಿಗೆ ಅರ್ಥವಾಯಿತು. "ನಲವತ್ತೆರಡು, ಅಕ್ಕ. ವೇಣೂರಿನ ಹತ್ತಿರ ಒಂದನ್ನು ತೆಗೆದಿದ್ದಾರೆ."

"ಯಾವುದು, ಸೇತುವೆಯ ಹತ್ತಿರದ್ದಾ? ಎತ್ತರದ್ದು?"

"ಅದೇ."

"ಒಳ್ಳೆದಾಯಿತು," ಎಂದು ಸರಸಕ್ಕ ಫ್ಯಾನಿನ ಕಡೆ ತಿರುಗಿದರು. "ಅದು ತುಂಬ ನೋಯಿಸ್ತಿತ್ತು."