ಕೋಟಿನ ಎಡಗಡೆಯ ಸವೆತ

ನನ್ನ ಚಿಕ್ಕಮ್ಮ ಏನು ಕೆಲಸ ಮಾಡುತ್ತಿದ್ದಳು ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ. ಹೊಸ ಬಟ್ಟೆಯನ್ನು ಹಳೆಯದು ಮಾಡುತ್ತಿದ್ದಳು. ಹೌದು, ಸರಿಯಾಗಿಯೇ ಕೇಳಿಸಿಕೊಂಡಿರಿ. ಸಿನಿಮಾದವರು ಹೊಲಿಸಿ ತಂದ ಬಟ್ಟೆ ಗರಿಗರಿಯಾಗಿರುತ್ತದೆ. ಕಥೆಯಲ್ಲಿ ಅದನ್ನು ಹತ್ತು ವರ್ಷ ತೊಟ್ಟ ಹಾಗೆ ಕಾಣಬೇಕು. ಆ ಹತ್ತು ವರ್ಷವನ್ನು ಚಿಕ್ಕಮ್ಮ ಒಂದು ವಾರದಲ್ಲಿ ಮುಗಿಸಿಕೊಡುತ್ತಿದ್ದಳು. ಬಡಗಿಗಳು ಮರ ಉಜ್ಜುವ ಉಪ್ಪುಕಾಗದ, ತಂತಿ ಬ್ರಷ್ಷು, ಚಹಾದ ನೀರು, ಒಂದು ತುಂಡು ಮೇಣ, ಇಷ್ಟೇ ಅವಳ ಸಾಮಾನು. "ಚೆನ್ನಾಗಿರೋ ಬಟ್ಟೆ ಹಾಳು ಮಾಡೋಕೆ ನಿನ್ನನ್ನೇ ಕರೀಬೇಕಾ? ನಿಮ್ಮಪ್ಪನ್ನ ಕರೆದ್ರೆ ಬಿಟ್ಟಿ ಮಾಡಿಕೊಡ್ತಿದ್ರು" ಅಂತ ಅಜ್ಜಿ ರೇಗಿಸುತ್ತಿದ್ದಳಂತೆ.

ಬಸ್ಸಿನಲ್ಲಿ ಅವಳ ಪಕ್ಕ ಕೂರುವುದೆಂದರೆ ನನಗೆ ಮುಜುಗರ. ಎದುರಿಗಿದ್ದವರ ತೋಳಿನ ಅಂಚು, ಮೊಣಕೈ, ಜೇಬಿನ ಬಾಯಿ, ಎಲ್ಲವನ್ನೂ ಎವೆಯಿಕ್ಕದೆ ನೋಡುತ್ತಾ ಕೂರುತ್ತಿದ್ದಳು. "ಆತ ಎಡಗೈಲಿ ಬರೆಯೋನು, ನೋಡು" ಅಂತ ಪಿಸುಗುಟ್ಟುತ್ತಿದ್ದಳು. ಒಂದು ಸಲ ಒಬ್ಬ ಮಹಾರಾಯ ತಪ್ಪು ತಿಳಿದು ಕ್ರಾಪು ಸರಿಮಾಡಿಕೊಳ್ಳತೊಡಗಿದ. ನಾನು ಇವಳನ್ನು ಎರಡು ಸ್ಟಾಪು ಮುಂಚೆಯೇ ಇಳಿಸಿಕೊಂಡು ನಡೆಸಿದೆ. ದಾರಿಯುದ್ದಕ್ಕೂ ನನಗೇ ಪಾಠ. "ಎಲ್ಲಾ ಕಡೆ ಒಂದೇ ಸಮ ಉಜ್ಜಿದ್ರೆ ಅದು ಕೊಳಕು ಬಟ್ಟೆ ಆಗುತ್ತೆ ಕಣೇ, ಹಳೇದಾಗಲ್ಲ. ಮನುಷ್ಯ ಎಲ್ಲಿ ಒರಗ್ತಾನೆ, ಎಲ್ಲಿ ಕೈ ಇಡ್ತಾನೆ, ಅಲ್ಲಿ ಮಾತ್ರ ಸವೀಬೇಕು."

ಈಗ ಕೋಟಿನ ವಿಷಯಕ್ಕೆ ಬರುತ್ತೇನೆ. ನನ್ನ ಅಮ್ಮ, ಅಂದರೆ ಚಿಕ್ಕಮ್ಮನ ಅಕ್ಕ, ನನಗೆ ಮೂರು ವರ್ಷವಿದ್ದಾಗ ತೀರಿಕೊಂಡಳು. ಅವಳು ದಿನಾ ತೊಡುತ್ತಿದ್ದ ಬೂದು ಬಣ್ಣದ ಉದ್ದ ಕೋಟೊಂದಿತ್ತಂತೆ. ಕಣ್ಣೆದುರು ಇರುವುದು ಬೇಡ ಅಂತ ಅಪ್ಪ ಆ ವಾರವೇ ಅದನ್ನು ಯಾರಿಗೋ ಕೊಟ್ಟುಬಿಟ್ಟರು. ಮಾರನೆಯ ವರ್ಷ ಒಂದು ಸಿನಿಮಾಕ್ಕೆ ಬಡ ತಾಯಿಯೊಬ್ಬಳ ಕೋಟು ಬೇಕಾಯಿತು. ನಿರ್ದೇಶಕರು ಹೇಳಿದ್ದು "ಹಳೇದಾಗಿ ಕಾಣಲಿ" ಅಂತ ಅಷ್ಟೇ. ಚಿಕ್ಕಮ್ಮ ಒಂಬತ್ತು ದಿನ ಕೂತು ಅಕ್ಕನ ಕೋಟನ್ನೇ ಮಾಡಿಟ್ಟಳು. ಎಲ್ಲೆಲ್ಲಿ ಸವೆದಿತ್ತೋ ಅಲ್ಲಲ್ಲೇ ಸವೆಸಿದಳು.

ನನಗೆ ಅಮ್ಮನ ನೆನಪೇ ಇಲ್ಲ. ಇರುವುದು ಮೂರು ಫೋಟೋ, ಮೂರರಲ್ಲೂ ಅಲುಗಾಡದೆ ಕೂತಿದ್ದಾಳೆ. ಆ ಸಿನಿಮಾ ಎಷ್ಟು ಸಲ ನೋಡಿದ್ದೇನೋ! ಆ ಹಾಳು ಕ್ಯಾಮೆರಾ ಮಾತ್ರ ಯಾವಾಗಲೂ ನಟಿಯ ಮುಖಕ್ಕೇ ಅಂಟಿಕೊಂಡಿರುತ್ತದೆ. ಆ ಕೋಟನ್ನು ಒಮ್ಮೆ ಹತ್ತಿರದಿಂದ ನೋಡಬೇಕು, ಮುಟ್ಟಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಅದಕ್ಕೇ, ಕಲಾ ಗ್ಯಾಲರಿಯಲ್ಲಿ ಸಿನಿಮಾ ಉಡುಪುಗಳ ಪ್ರದರ್ಶನ ಇದೆ, ಆ ಕೋಟೂ ಇರುತ್ತದೆ, ಶುರುವಾಗುವ ಹಿಂದಿನ ದಿನ ಬಂದು ನೋಡಿ ಅಂತ ಚಿಕ್ಕಮ್ಮನಿಗೆ ಪತ್ರ ಬಂದಾಗ ನಾನು ಆಫೀಸಿಗೆ ರಜೆ ಹಾಕಿದೆ. ಮೂವತ್ತು ವರ್ಷ ಸಿನಿಮಾದವರ ಉಗ್ರಾಣದ ಪೆಟ್ಟಿಗೆಯಲ್ಲಿದ್ದ ಕೋಟದು. ಚಿಕ್ಕಮ್ಮ ಬೆಳಿಗ್ಗೆ ಐದಕ್ಕೇ ತಲೆ ಬಾಚಿ ಕೂತಿದ್ದಳು.

ಕೋಟನ್ನು ಇನ್ನೂ ಗಾಜಿನ ಕಪಾಟಿಗೆ ಸೇರಿಸಿರಲಿಲ್ಲ, ಪಕ್ಕದ ಗೊಂಬೆಯ ಮೇಲಿತ್ತು. ಹೊಚ್ಚ ಹೊಸದು! ಒಂದು ಕಲೆಯಿಲ್ಲ, ಒಂದು ಹರಕಿಲ್ಲ. ಬಟ್ಟೆ ರಿಪೇರಿ ಮಾಡುವ ಹುಡುಗಿ ಪಕ್ಕದಲ್ಲೇ ನಿಂತು ಹೆಮ್ಮೆಯಿಂದ ಹೇಳಿದಳು: "ಪೆಟ್ಟಿಗೇಲಿ ತುಂಬಾ ಹಾಳಾಗಿತ್ತು ಅಮ್ಮಾ. ನುಸಿ ತಿಂದಿತ್ತು ಅನ್ಸುತ್ತೆ. ತೊಳೆದು, ಎಳೆ ಎಳೆ ನೇಯ್ದು ಸರಿ ಮಾಡೋಕೆ ನಾಲ್ಕು ತಿಂಗಳು ಹಿಡೀತು."

"ನುಸಿಯಾ?" ಅಂತ ನಾನು ಕಿರುಚಿಬಿಟ್ಟೆ. "ನುಸಿ ಅಲ್ಲ ಕಣ್ರೀ, ಇವರು! ನೀವು ತೊಳೆದು ಹಾಕಿರೋದು ಇವರ ಕೆಲಸ!" ಇನ್ನೂ ಏನೇನೋ ಬೈದೆ, ಬರೆಯಲು ನಾಚಿಕೆ. ಅಮ್ಮ ಎರಡನೇ ಸಲ ಹೋದಳು ಅನ್ನಿಸಿ ಅಲ್ಲೇ ಅತ್ತುಬಿಟ್ಟೆ. ಹುಡುಗಿಯ ಮುಖ ಬಿಳಿಚಿಕೊಂಡಿತು.

ಚಿಕ್ಕಮ್ಮ ಕೋಟಿನ ಅಂಚು ಮಗುಚಿ, ಕನ್ನಡಕ ಏರಿಸಿ, ನೇಯ್ದ ಜಾಗವನ್ನು ಬೆರಳಿನಿಂದ ಹುಡುಕಿದಳು. "ಎಲ್ಲಿ ಹೊಲಿದಿದ್ದೀಯ ಅಂತ ನನಗೇ ಗೊತ್ತಾಗ್ತಿಲ್ವಲ್ಲೇ" ಅಂದಳು. "ಇಂಥ ಕೈ ನಾನು ನೋಡಿಲ್ಲ, ತಾಯಿ." ಅಷ್ಟಕ್ಕೇ ಹುಡುಗಿಯೂ ಅಳತೊಡಗಿದಳು. ಆಮೇಲೆ ಮೂಗೊರೆಸಿಕೊಂಡು ಕೇಳಿದಳು: "ನಾನು ನೇಯ್ದಿದ್ದನ್ನ ಬಿಚ್ಚಿಕೊಡ್ತೀನಿ. ನೀವು ಮತ್ತೆ ಮಾಡ್ತೀರಾ ಅಮ್ಮಾ? ಪ್ರದರ್ಶನ ಶುರುವಾಗೋದು ನಾಳೆ ಸಂಜೆ, ಅಲ್ಲೀವರೆಗೂ ಟೈಮಿದೆ."

ಬಸ್ ಪಾಸ್ ಮನೆಯಲ್ಲೇ ಮರೆತು ಬಂದಾಳು, ಉಪ್ಪುಕಾಗದ ಮರೆಯುವವಳಲ್ಲ ನನ್ನ ಚಿಕ್ಕಮ್ಮ. ರಿಪೇರಿ ಕೋಣೆಯ ಉದ್ದ ಮೇಜಿನ ಮೇಲೆ ಕೋಟು ಹಾಸಿದೆವು. ಹುಡುಗಿ ತನ್ನ ನಾಲ್ಕು ತಿಂಗಳನ್ನು ಚಿಮುಟದಲ್ಲಿ ಒಂದೊಂದೇ ಎಳೆಯಾಗಿ ಕಿತ್ತು ತೆಗೆದಳು. ಚಿಕ್ಕಮ್ಮನ ಬೆರಳುಗಳು ಈಗ ಸೊಟ್ಟಗಾಗಿವೆ, ಗಳಿಗೆಗೊಮ್ಮೆ ನಿಲ್ಲಿಸಿ ಹಿಸುಕಿಕೊಳ್ಳುತ್ತಿದ್ದಳು. ಆದರೂ ಉಜ್ಜುತ್ತಾ ಹೇಳುತ್ತಾ ಹೋದಳು. ಅಮ್ಮ ಬಲಗೈಯನ್ನು ಸದಾ ಜೇಬಿನಲ್ಲೇ ಇಡುತ್ತಿದ್ದಳು, ಅದಕ್ಕೆ ಆ ಜೇಬಿನ ಬಾಯಿ ಜೋತುಬಿದ್ದಿತ್ತು. ಯೋಚನೆ ಹತ್ತಿದಾಗ ಕಾಲರಿನ ತುದಿ ಕಚ್ಚುತ್ತಿದ್ದಳು. ಎರಡನೇ ಗುಂಡಿ ತಿರುಚುತ್ತಿದ್ದಳು. ಮೂವತ್ತೈದು ವರ್ಷದ ನಾನು ಮೊದಲ ಸಲ ನನ್ನಮ್ಮ ಅಲುಗಾಡಿದ್ದನ್ನು ಕಂಡೆ.

ಮಾರನೆಯ ದಿನ ಮಧ್ಯಾಹ್ನಕ್ಕೆ ಎಲ್ಲಾ ಮುಗಿದು ಎಡಸೊಂಟದ ಕೆಳಗೆ ಅಂಗೈಯಗಲದ ಜಾಗ ಮಾತ್ರ ಉಳಿಯಿತು. ಚಿಕ್ಕಮ್ಮ ಅಲ್ಲಿ ಕೈಯಿಟ್ಟು ನನ್ನ ಕಡೆ ನೋಡಿದಳು.

"ಇಲ್ಲೇನಾಗಿತ್ತು?" ಅಂದೆ.

"ನೀನು. ನಡೆಯೋಕೆ ಬಂದ್ಮೇಲೂ ಕೆಳಗಿಳೀತಿರ್ಲಿಲ್ಲ. ಅವಳ ಸೊಂಟದ ಮೇಲೆ ಕೂತು ಬೂಟುಗಾಲಲ್ಲಿ ಒದ್ದು ಒದ್ದು ಕೋಟು ಸವೆಸಿಬಿಟ್ಟಿದ್ದೆ." ಉಪ್ಪುಕಾಗದದ ತುಂಡನ್ನು ನನ್ನ ಕೈಗೆ ಕೊಟ್ಟಳು. "ತಗೋ. ಇದು ನಿನ್ನ ಕೆಲಸ."

ನಾನು ಹೆದರಿ ಹೆದರಿ ಎರಡು ಸಲ ಸವರಿದೆ. ಬಟ್ಟೆಗೆ ಏನೂ ಆಗಲಿಲ್ಲ.

"ಜೋರಾಗಿ ಉಜ್ಜೇ" ಅಂದಳು ಚಿಕ್ಕಮ್ಮ. "ನೀನೇನು ಅಷ್ಟು ಸಾಧು ಮಗು ಆಗಿರ್ಲಿಲ್ಲ."