ಸರ್ಕಾರಿ ಟೊಪ್ಪಿಗೆ, ಸ್ವಂತ ರುಮಾಲು

ಮೊನ್ನೆ ಸುರಪುರದ ಬಜಾರಿನಲ್ಲಿ ದಿಂಬಿನ ಗವಸು ನೋಡುತ್ತ ನಿಂತಿದ್ದೆ. ಅಂಗಡಿಯವನು ಪಕ್ಕದ ಗಿರಾಕಿಗೆ ಹೊಸ ರುಮಾಲೊಂದನ್ನು ಪಟಾರನೆ ಝಾಡಿಸಿ ಹರವಿದ. ಆ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನೆತ್ತಿಗೆ ಸಿಟ್ಟು ಏರಿತು. ತಲೆಗೆ ಸುತ್ತುವ ರುಮಾಲು ಕಂಡರೆ ಸಿಟ್ಟಾಗುವ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ನಗಬೇಡಿ. ಒಂದು ರುಮಾಲಿನ ಸಲುವಾಗಿ ನಾನು ಅಲೆದಷ್ಟು ನೀವೂ ಅಲೆದಿದ್ದರೆ ಅಂಗಡಿಯವನ ಮೇಲೆ ಕೂಗಾಡಿಯೇ ಬರುತ್ತಿದ್ದಿರಿ.

ನಾನು ಶಹಾಪುರದ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ನಮ್ಮಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂತು ಕಾಲು ಒತ್ತಿಕೊಳ್ಳುವುದು ಬಿಟ್ಟು, ಜೈಲಿನ ಕೈದಿಗಳಿಗೆ ಅಕ್ಷರ ಕಲಿಸಲು ವಾರಕ್ಕೊಮ್ಮೆ ಹೋಗಲು ಒಪ್ಪಿಕೊಂಡೆ. ಮಂದಿ ಹೊಗಳುತ್ತಾರೆ ಎಂಬ ಆಸೆಯೂ ಇತ್ತು ಅನ್ನಿ. ಯಾರೂ ಹೊಗಳಲಿಲ್ಲ. ಮೈದುನ ಮಾತ್ರ, "ಶಾಲಿಯಾಗ ಹೊರಗ ಬಿಟ್ಟವ್ರನ್ನ ಒಳಗ ಹೋಗಿ ಹಿಡದ್ರೇನು ವೈನಿ?" ಎಂದು ಕೇಳಿದ.

ಅಲ್ಲಿಗೆ ಯಾದಗಿರಿಯಿಂದ ಸುಜಾತಾ ಎಂಬ ಹುಡುಗಿ ಬರುತ್ತಿದ್ದಳು, ಒಂದು ಸಂಸ್ಥೆಯ ಪರವಾಗಿ. ಪೆಟ್ಟು ಕೊಟ್ಟವನನ್ನೂ ಪೆಟ್ಟು ತಿಂದವನನ್ನೂ ಎದುರುಬದುರು ಕೂರಿಸಿ ಮಾತಾಡಿಸುವುದು, ಮುರಿದದ್ದನ್ನು ಆದಷ್ಟು ಸರಿಪಡಿಸುವುದು ಅವಳ ಕೆಲಸ. ಅದಕ್ಕೆ ಪುನಃಸ್ಥಾಪಕ ನ್ಯಾಯ ಎಂದು ಹೆಸರು. ಹೇಳುವಷ್ಟರಲ್ಲಿ ನಾಲಿಗೆ ಒಣಗುತ್ತದೆ. "ಯಾರಿಗೆ ಮನಸ್ಸಿದೆ?" ಎಂದು ಅವಳು ಕೇಳಿದಾಗ ನನ್ನ ಕ್ಲಾಸಿನ ಎಲ್ಲರೂ ಕೈ ಎತ್ತಿದರು. ಹುಡುಗಿಯ ಮುಖ ಅರಳಿತು. ಆಮೇಲೆ, "ಇದರಿಂದ ಶಿಕ್ಷೆ ಒಂದು ದಿನವೂ ಕಮ್ಮಿ ಆಗುವುದಿಲ್ಲ" ಎಂದಳು. ಕೈಗಳೆಲ್ಲ ಕೆಳಗಿಳಿದವು. ಒಂದು ಕೈ ಮಾತ್ರ ಮೇಲೆಯೇ ಉಳಿಯಿತು. ಮಾತು ಕೇಳಿಸಲಿಲ್ಲವೇನೋ ಎಂದು ನಾನೇ ಅವನಿಗೆ ಇನ್ನೊಮ್ಮೆ ಹೇಳಿದೆ.

"ಕೇಳಿಸ್ಯಾದ್ರಿ ಅಕ್ಕೋರೆ. ಕಿವಿ ಬೇಸ್ ಅದಾವ" ಎಂದ ಸಾಬಣ್ಣ.

ಸಾಬಣ್ಣ ಸಗರದ ಆಚೆಯ ರೈತ. ಅವನಿಗೂ ಪಕ್ಕದ ಹೊಲದ ಭೀಮರಾಯನಿಗೂ ಒಂದೊಂದೇ ಎತ್ತು. ಎರಡನ್ನೂ ಒಂದೇ ನೊಗಕ್ಕೆ ಹೂಡಿ ಇಬ್ಬರ ಹೊಲವನ್ನೂ ಉಳುತ್ತಿದ್ದರಂತೆ. ಜೋಳ, ತೊಗರಿ ಬೆಳೆಯುವವರೆಗೆ ಅಣ್ಣತಮ್ಮಂದಿರಿಗಿಂತ ಹೆಚ್ಚಿಗೆ ಇದ್ದರು. ಕಾಲುವೆಗೆ ನೀರು ಬಂತು, ಎಲ್ಲರೂ ನೆಲ್ಲು ಹಚ್ಚಿದರು, ಶುರುವಾಯಿತು ನೋಡಿ ಪಾಳಿಯ ಜಗಳ! ಇವತ್ತು ನನ್ನ ಪಾಳಿ, ನಾಳೆ ನಿನ್ನ ಪಾಳಿ, ನನ್ನ ಪಾಳಿಯಲ್ಲಿ ನೀರೇ ಬರಲಿಲ್ಲ, ನಾನೇನು ಕುಡಿದೆನೇನು. ಒಂದು ದಿನ ಸಾಬಣ್ಣ ಸಲಿಕೆ ಎತ್ತಿದ. ಭೀಮರಾಯ ಬಲಗೈ ಅಡ್ಡ ಹಿಡಿದ. ಎಷ್ಟೋ ವರ್ಷ ನೀರಿಲ್ಲದೆ ಕೂಡಿ ಬಾಳಿದವರಿಗೆ ನೀರು ಬಂದ ಮೇಲೆ ಹೀಗಾಗಬೇಕೆ! ನೆನೆದರೆ ಹಣೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಸಾಬಣ್ಣ ಜೈಲಿಗೆ ಹೋದ ಮೇಲೆ ಅವನ ತಮ್ಮ ಹಟಕ್ಕೆ ಬಿದ್ದ. ಭೀಮರಾಯನ ಹೊಲಕ್ಕೆ ನೀರು ಹೋಗಬೇಕಾದರೆ ಇವರ ಹೊಲದೊಳಗಿನ ಸಣ್ಣ ಕಾಲುವೆಯೇ ದಾರಿ. ತಮ್ಮ ಅದನ್ನು ಮಣ್ಣು ಹಾಕಿ ಮುಚ್ಚಿದ. ಅಣ್ಣನ ಬಾಯಿಂದ ಮಾತು ಬರದ ಹೊರತು ಬಿಚ್ಚುವುದಿಲ್ಲ ಎಂದ. ಸುತ್ತ ಎಲ್ಲರ ಹೊಲ ಹಸಿರು, ನಡುವೆ ಭೀಮರಾಯನದು ಮಾತ್ರ ಬಣಬಣ. ನಾನೂ ಸುಜಾತಾಳೂ ಅವನ ಮನೆಗೆ ಹೋದಾಗ ಅವನ ಹೆಂಡತಿ ಶರಣಮ್ಮ ಚಹಾ ತಂದಿಟ್ಟು ಒಳಗೆ ಹೋದಳು. ಭೀಮರಾಯ ನಮ್ಮ ಮಾತನ್ನೆಲ್ಲ ಕೇಳಿ, "ನನಗ ಅವನ ಮಾಫಿ ಬ್ಯಾಡ, ಗೀಫಿ ಬ್ಯಾಡ. ನೀರ ಬಿಡಿಸ್ತಾನಂದ್ರ ಬರ್ತೀನಿ" ಎಂದ. ಸುಜಾತಾಳಿಗೆ ಬೇಸರವಾಯಿತು. ನನಗೆ, ಅಂತೂ ಇಬ್ಬರೂ ಒಪ್ಪಿದರಲ್ಲ, ಗಂಗೆಯಲ್ಲಿ ಮಿಂದೆ ಅನ್ನಿಸಿತು.

ಎಲ್ಲಿಯ ಗಂಗೆ! ನೀರಿನ ಮಾತು ಭೇಟಿಯಲ್ಲೇ ಆಗಲಿ ಎಂದು ಸಾಬಣ್ಣ ಹೊಸ ತಕರಾರು ತೆಗೆದ. ನಮ್ಮ ಕಡೆ ದೊಡ್ಡ ತಪ್ಪು ಮಾಡಿದವನು ತಲೆಯ ರುಮಾಲು ಬಿಚ್ಚಿ ಎದುರಿನವನ ಕಾಲ ಬಳಿ ಇಡುತ್ತಾನೆ. ಅವನು ಎತ್ತಿ ಕೊಟ್ಟರೆ ಜಗಳ ಮುಗಿಯಿತು. ಎತ್ತದೆ ಎದ್ದು ಹೋದರೆ ಇಟ್ಟವನು ಬದುಕಿದ್ದೂ ಸತ್ತ ಹಾಗೆ. ಸಾಬಣ್ಣ ಹಾಗೆಯೇ ಇಡುತ್ತಾನಂತೆ, ಆದರೆ ಅವನ ತಲೆಯ ಮೇಲಿರುವುದು ಕೈದಿಯ ಬಿಳಿ ಟೊಪ್ಪಿಗೆ.

"ಇದು ಸರ್ಕಾರದ್ರಿ. ಸರ್ಕಾರದ ಟೊಪ್ಪಿಗಿ ಅವನ ಕಾಲಾಗ ಇಟ್ರ ನಂದೇನ್ ಹೋತು? ನನ್ನ ರುಮಾಲ ತರಸ್ರಿ."

"ಬಾಯಿಲೆ ತಪ್ಪಾತು ಅಂದ್ರ ಸಾಲದೇನೋ?"

"ಬಾಯಿ ಮಾತು ಯಾವ ಲೆಕ್ಕಾರಿ. ಕೋರ್ಟಿನ್ಯಾಗ ವಕೀಲ ಇದೇ ಬಾಯಿಲೆ ಏನೇನೋ ಹೇಳ್ಸ್ಯಾನ."

ಜೈಲಿನ ಅಧಿಕಾರಿಯ ಬಳಿ ಹೋದೆ. ಅಷ್ಟುದ್ದದ ಬಟ್ಟೆ ಕೈದಿಯ ಕೈಗೆ ಕೊಡುವಂತಿಲ್ಲ, ಕುತ್ತಿಗೆಗೆ ಬಿಗಿದುಕೊಂಡರೆ ಯಾರು ಜವಾಬ್ದಾರಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಸುಜಾತಾ ಅಂಗೈಯಗಲದ ಕರವಸ್ತ್ರ ತಂದಳು. ಸಾಬಣ್ಣ ಅದನ್ನು ತಿರುಗಿಸಿ ನೋಡಿ, "ಇದು ಮೂಗಿಂದ್ರಿ, ತಲಿದಲ್ಲ" ಎಂದು ವಾಪಸು ಕೊಟ್ಟ. ನಾನು ಸಣ್ಣ ಟವೆಲ್ಲಿಗೆ ಅನುಮತಿ ಪಡೆದು ಒಯ್ದೆ. ತನ್ನ ತಲೆ ಕಾಣದ ಬಟ್ಟೆ ತನ್ನದು ಹೇಗಾದೀತು ಎಂದ. ಮಳೆಗಾಲ ಮುಗಿಯಿತು, ಕಾಲುವೆಗೆ ನೀರು ಬಿಟ್ಟರು, ಭೀಮರಾಯ ದಾರಿ ಕಾಯುತ್ತಲೇ ಇದ್ದ, ಇವನು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ನಾನು, "ರುಮಾಲಿಲ್ಲದಿದ್ರ ಕೂಡಂಗಿಲ್ಲ ಅಂತೀಯಲ್ಲ, ಅದು ಹಟಾನೋ ಹೆದರಿಕ್ಯೋ?" ಎಂದು ಬೈದೆ. ಅವನು ಟೊಪ್ಪಿಗೆ ತೆಗೆದು ಕೊಡವಿ, "ಕರಸ್ರಿ ಹಂಗಾರ" ಎಂದ.

ಭೇಟಿಯ ದಿನ ಭೀಮರಾಯ ಒಗೆದ ಧೋತರ ಉಟ್ಟು, ಅಚ್ಚುಕಟ್ಟಾಗಿ ಕೆಂಪು ರುಮಾಲು ಸುತ್ತಿಸಿಕೊಂಡು ಬಂದಿದ್ದ. ಬಾಗಿಲಲ್ಲಿ ಒಬ್ಬ ಪೊಲೀಸ, ಗೋಡೆಗೆ ಒರಗಿ ನಾನು, ನನ್ನ ಪಕ್ಕದಲ್ಲಿ ಸುಜಾತಾ.

"ಬಂದ್ಯಾ?" ಎಂದ ಸಾಬಣ್ಣ.

"ಬಂದೀನಿ."

"ಎತ್ತು ಹ್ಯಾಂಗದಾವ?"

"ನಿಂದು ನಿನ್ನ ತಮ್ಮ ಮಾರ್ಯಾನ. ನಂದೂ ಕೊಟ್ಟೆ. ಒಂಟಿ ಎತ್ತು ಇಟ್ಕೊಂಡು ಏನ್ ಮಾಡ್ಲಿ?"

ಸಾಬಣ್ಣ ಮತ್ತೆ ಅದೇ ರಾಗ ಎಳೆದ: ಇಡಬೇಕಂದ್ರ ನನ್ನ ಹಂತ್ಯಾಕ ರುಮಾಲಿಲ್ಲ. ಭೀಮರಾಯ ಕಣ್ಣು ಕೆಕ್ಕರಿಸಿದ. "ಅಯ್ಯ ನಿನ್ನ! ಇದಕ್ಕ ಇಷ್ಟ್ ದಿನಾ ನನ್ನ ಹೊಲ ಒಣಗ್ಸಿದ್ಯೇನಲೇ?" ಎನ್ನುತ್ತಲೇ ಎಡಗೈಯಿಂದ ತನ್ನ ತಲೆಯ ರುಮಾಲನ್ನೇ ಕಿತ್ತು ಅವನ ಮಡಿಲಿಗೆ ಎಸೆದ. "ತಗೋ. ಸುತ್ಕೋ, ಬಿಚ್ಚು, ಇಡು. ನಾ ಎತ್ತಿ ಕೊಡ್ತೀನಿ. ಲಗೂ ಮುಗಸು, ನನ್ನ ಬಸ್ ಹೋಗ್ತದ."

"ನಿನ್ನ ರುಮಾಲ ನಿನ್ನ ಕಾಲಾಗ ಇಟ್ರ ಇಜ್ಜತ್ ಹೋಗೂದು ಯಾರ್ದೋ?"

ಇಬ್ಬರ ತಲೆಯನ್ನೂ ಹಿಡಿದು ಢಿಕ್ಕಿ ಹೊಡೆಸಬೇಕು ಅನ್ನಿಸಿತು. ಭೀಮರಾಯ, "ಸಾಯಿ ಹಂಗಾರ, ಕೊಡಿಲ್ಲಿ" ಎಂದು ರುಮಾಲು ಕಸಿದುಕೊಂಡು ಎಡಗೈಯೊಂದರಿಂದಲೇ ಸುತ್ತಿಕೊಳ್ಳಲು ಹೋದ. ಅದು ಜಾರಿ ಹೆಗಲಿಗೆ ಬಿತ್ತು. ಇನ್ನೊಮ್ಮೆ ಸುತ್ತಿದ, ಇನ್ನೊಮ್ಮೆ ಜಾರಿತು.

"ಬಲಗೈ ಯಾಕ ಹಚ್ಚವಲ್ಲಿ?" ಎಂದ ಸಾಬಣ್ಣ.

"ಮ್ಯಾಲ ಏಳಂಗಿಲ್ಲ."

"ಮತ್ತ ದಿನಾ ಯಾರ್ ಕಟ್ತಾರ?"

"ಮನ್ಯಾಕಿ ಕಟ್ತಾಳ. ನೀ ಬರ್ತಿದ್ದೇನು ಕಟ್ಟಾಕ?"

ಸಾಬಣ್ಣನ ಮುಖದ ಬಣ್ಣವೇ ಹೋಯಿತು. ಆ ಕೈಯ ಬಗ್ಗೆ ಕೋರ್ಟಿನಲ್ಲಿ ಎಷ್ಟೋ ಸಲ ಕೇಳಿರಬೇಕು. ಗಂಭೀರ ಗಾಯ ಎಂದು ಓದಿ ಹೇಳಿದ್ದನ್ನು ಕೇಳುವುದು ಬೇರೆ, ತಲೆಯ ಬಟ್ಟೆ ನಿಲ್ಲಿಸಲಾರದೆ ಗೆಳೆಯ ಒದ್ದಾಡುವುದನ್ನು ನೋಡುವುದು ಬೇರೆ. ಅವನು ಎದ್ದ. ಪೊಲೀಸನೂ ಎದ್ದ. ನಾನು, "ಕೂಡ್ರಪ್ಪಾ, ಸುಮ್ನಿರು" ಎಂದು ಪೊಲೀಸನಿಗೇ ಗದರಿದೆ. ಸಾಬಣ್ಣ ತನ್ನ ಟೊಪ್ಪಿಗೆ ತೆಗೆದು ಬೆಂಚಿನ ಮೇಲಿಟ್ಟು, ಭೀಮರಾಯನ ಬೆನ್ನ ಹಿಂದೆ ನಿಂತು, ಮಡಿಕೆಯ ಮೇಲೆ ಮಡಿಕೆ ಇಟ್ಟು ನಿಧಾನವಾಗಿ ಸುತ್ತಿದ. ಕೊನೆಯ ತುದಿ ಸಿಕ್ಕಿಸುವಾಗ, "ತಪ್ಪಾತೋ ಭೀಮ್ಯಾ" ಎಂದ. ಭೀಮರಾಯ ತಿರುಗಲಿಲ್ಲ. "ಬಿಗಿ ಆಗ್ಯಾದ, ಸ್ವಲ್ಪ ಸಡ್ಲ ಮಾಡು" ಎಂದ. ಸುಜಾತಾ ಅಳುತ್ತಿದ್ದಳು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಹೊರಡುವಾಗ ಸಾಬಣ್ಣ ನನ್ನನ್ನು ಕರೆದು, "ನನ್ನ ತಮ್ಮಗ ಹೇಳ್ರಿ ಅಕ್ಕೋರೆ. ಮಣ್ಣು ತೆಗಿಲಿ, ನೀರ ಹೋಗ್ಲಿ" ಎಂದ. ಎರಡೇ ದಿನದಲ್ಲಿ ನೀರು ಹೋಯಿತು.

ಆದರೆ ಆ ದಿನ ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಗೆದ್ದವಳಂತೆ ಸೆರಗು ಸರಿಮಾಡಿಕೊಂಡು, "ಮಾಫ್ ಮಾಡಿದ್ಯೇನಪ್ಪಾ ಅವನಿಗಿ?" ಎಂದು ಕೇಳಿದೆ.

ಭೀಮರಾಯ ಕಿಟಕಿಯ ಹೊರಗೆ ನೋಡುತ್ತ ಅಂದ: "ಅದೇನೋ ಗೊತ್ತಿಲ್ರಿ. ಮನಿಗಿ ಹೋದ ಮ್ಯಾಲ ಆಕಿ ನೋಡ್ತಾಳ. ಇದು ನಾ ಕಟ್ಟಿದ್ದಲ್ಲ, ಯಾರ್ ಕಟ್ಯಾರ ಅಂತ ಕೇಳ್ತಾಳ. ಆಕಿಗಿ ಏನ್ ಹೇಳ್ಲಿ?"

ಕೈದಿಯ ಒಪ್ಪಿಗೆ ಕೇಳಿದ್ದೆವು, ಅಧಿಕಾರಿಯದು ಕೇಳಿದ್ದೆವು, ಭೀಮರಾಯನದು ಕೇಳಿದ್ದೆವು. ಪ್ರತಿದಿನ ಬೆಳಿಗ್ಗೆ ಆ ಕೈಗೆ ಅಂಗಿ ತೊಡಿಸಿ, ಆ ತಲೆಗೆ ರುಮಾಲು ಕಟ್ಟಿ, ನಮ್ಮಂಥವರಿಗೆ ಚಹಾ ಕೊಟ್ಟು ಒಳಗೆ ಹೋಗುವವಳನ್ನು, "ನಿನಗೇನವ್ವಾ ಅನ್ನಿಸ್ತದ?" ಎಂದು ಒಬ್ಬರೂ ಕೇಳಿರಲಿಲ್ಲ.

ಸುಜಾತಾ ಈಗಲೂ ಫೋನು ಮಾಡುತ್ತಾಳೆ, ಇಂಥ ಕೈದಿಗೆ ಮನಸ್ಸಿದೆ ಅಕ್ಕೋರೆ ಎಂದು. ಇರಲಿ ಬಿಡವ್ವಾ, ಅವನೆಲ್ಲಿ ಓಡಿಹೋಗುತ್ತಾನೆ ಎನ್ನುತ್ತೇನೆ. ನಿನ್ನೆ ಮುದನಾಳದ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಮಗನನ್ನು ಕೊಂದವನು ಭೇಟಿಗೆ ಒಪ್ಪಿದ್ದಾನೆ, ಮಗನ ತಂದೆಯೂ ಒಪ್ಪಿದ್ದಾನೆ. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತೆ. ಅವಳು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹಿಟ್ಟು ತೀರುವವರೆಗೆ ಕೂತಿದ್ದು ಎದ್ದು ಬಂದೆ. ನಾಳೆ ಮತ್ತೆ ಹೋಗಬೇಕು.